ಉಸಿರನ್ನು ಅಳೆದ ಬಗೆ: ದಮ್ಮಿನ ಒಂದು ಇತಿಹಾಸ

ಕಲಬುರಗಿ ಜಿಲ್ಲೆಯ ಆಳಂದ ತಾಲೂಕಿನಲ್ಲಿ ಕಿಣ್ಣಿ ಸುಲ್ತಾನ ಎಂಬ ಊರಿದೆ. ಸುತ್ತಲೂ ತೊಗರಿ, ಜೋಳ, ಕಡಲೆ ಬೆಳೆಯುವ ಎರೆಭೂಮಿ. ನನ್ನ ಸೋದರತ್ತೆಯನ್ನು ಮದುವೆ ಮಾಡಿ ಕೊಟ್ಟದ್ದು ಈ ಊರಿಗೆ. ಶಾಲೆಯ ರಜೆಯಲ್ಲಿ ಅಲ್ಲಿಗೆ ಹೋದಾಗ ನಸುಕಿನಲ್ಲಿ ನನಗೆ ಎಚ್ಚರವಾಗುತ್ತಿದ್ದುದು ಎರಡು ಸಪ್ಪಳಗಳಿಂದ. ಒಂದು ರೊಟ್ಟಿ ಬಡಿಯುವ ಸಪ್ಪಳ, ಇನ್ನೊಂದು ಅತ್ತೆ ಊದುಗೊಳವೆಯಿಂದ ಒಲೆ ಊದುವ ಸಪ್ಪಳ. ತೊಗರಿ ಕಟ್ಟಿಗೆ ಬೇಗ ಹತ್ತಿಕೊಳ್ಳುತ್ತದೆ, ಬೇಗ ಆರುತ್ತದೆ. ಕುಳ್ಳು ನಿಧಾನವಾಗಿ ಉರಿಯುತ್ತದೆ, ಹೊಗೆ ಹೆಚ್ಚು. ಮಳೆಗಾಲದಲ್ಲಿ ಎರಡೂ ಹಸಿ. ಮಾಳಿಗೆಯ ಗವಾಕ್ಷಿಯೊಂದೇ ಹೊಗೆ ಹೊರಹೋಗುವ ದಾರಿ.

ಐವತ್ತು ದಾಟುವ ಹೊತ್ತಿಗೆ ಅತ್ತೆಗೆ ದಮ್ಮು ಶುರುವಾಯಿತು. ಮೊದಲು ಚಳಿಗಾಲದ ಬೆಳಗಿನ ಕೆಮ್ಮು, ಕಫ. ಆಮೇಲೆ ಕೊಡ ಹೊತ್ತು ಬರುವಾಗ ನಡುದಾರಿಯಲ್ಲಿ ನಿಂತು ಸುಧಾರಿಸಿಕೊಳ್ಳುವುದು. ಕೊನೆಗೆ ಕೂತಲ್ಲಿಯೇ ಏದುಸಿರು. ಅದೇ ಮನೆಯಲ್ಲಿ ಮೊಮ್ಮಗನಿಗೂ ದಮ್ಮು. ಅವನು ಕಾಲೇಜಿನ ಹುಡುಗ. ತೊಗರಿ ರಾಶಿಯ ಕಾಲಕ್ಕೆ ಹೊಟ್ಟಿನ ದೂಳೆದ್ದರೆ ಸಾಕು, ರಾತ್ರಿಯೆಲ್ಲ ಅವನ ಎದೆ ಸುಂಯ್‌ಗುಡುತ್ತಿತ್ತು. ಎರಡು ದಿನ ಕಳೆದರೆ ಏನೂ ಆಗಿಲ್ಲವೆಂಬಂತೆ ಓಡಾಡುತ್ತಿದ್ದ. "ಆಯಿದ ದಮ್ಮು ಮೊಮ್ಮಗಗ ಬಂದದ" ಎಂದು ಊರವರು ಮಾತು ಮುಗಿಸುತ್ತಿದ್ದರು.

ಕೊನೆಗೊಂದು ದಿನ ಇಬ್ಬರನ್ನೂ ಕಲಬುರಗಿಯ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ವೈದ್ಯರು ಅತ್ತೆಯ ಕೈಗೆ ಒಂದು ಕೊಳವೆ ಕೊಟ್ಟು, ಎದೆತುಂಬ ಉಸಿರೆಳೆದುಕೊಂಡು ಒಮ್ಮೆಲೇ ಜೋರಾಗಿ ಊದಿ, ಪೂರ್ತಿ ಖಾಲಿಯಾಗುವವರೆಗೆ ಊದುತ್ತಲೇ ಇರಿ ಎಂದರು. ಅತ್ತೆ ನಕ್ಕಳು. "ಊದಾದು ನನಗೇನು ಹೊಸಾದ್ರಿ ಡಾಕ್ಟರ್ ಸಾಹೇಬ್ರ? ಮದಿವ್ಯಾದಾಗಿಂದ ಒಲಿ ಊದಕೋತನೇ ಬಂದೀನಿ" ಎಂದಳು.

ವಿದ್ಯಾರ್ಥಿ ಮಿತ್ರರೇ, ಒಲೆಯ ಮುಂದಿನ ಊದುಗೊಳವೆ ಮತ್ತು ಆಸ್ಪತ್ರೆಯ ಊದುಗೊಳವೆ, ಇವೆರಡರ ನಡುವಿನ ದೂರವನ್ನು ಕ್ರಮಿಸಲು ವಿಜ್ಞಾನಕ್ಕೆ ಬಹಳ ಕಾಲ ಹಿಡಿಯಿತು. ದಮ್ಮು ಎಂಬ ಒಂದೇ ಹೆಸರಿನೊಳಗೆ ಎರಡು ಬೇರೆ ಬೇರೆ ರೋಗಗಳಿವೆ ಎಂಬುದು ಉಸಿರನ್ನು ಅಳೆಯಲು ಕಲಿತ ಮೇಲೆಯೇ ಸ್ಪಷ್ಟವಾಯಿತು. ಹಾಗೆ ಅಳೆಯಲು ಕಲಿತ ಮೇಲೂ ಒಲೆಯ ಮುಂದೆ ಕೂತವಳ ಸರದಿ ಕಡೆಗೆ ಬಂತು. ಆ ಕಥೆಯನ್ನು ಇಲ್ಲಿ ನೋಡೋಣ.

ಹಳೆಯ ಹೆಸರುಗಳು

ನಮ್ಮ ಕಡೆ ದಮ್ಮು, ಹಳೆ ಮೈಸೂರಿನ ಕಡೆ ಗೂರಲು, ಪುಸ್ತಕದ ಕನ್ನಡದಲ್ಲಿ ಉಬ್ಬಸ. ದಮ್ಮು ಎಂಬ ಮಾತಿನ ಹಿಂದಿರುವುದು ಪರ್ಷಿಯನ್ ಭಾಷೆಯ 'ದಮ್'. ಉಸಿರು ಎಂದು ಅದರ ಅರ್ಥ. ಅಸ್ತಮಾ ಎಂಬುದು ಗ್ರೀಕ್ ಮಾತು. ಏದುಸಿರು ಎಂದು ಅರ್ಥ. ಎಲ್ಲ ಹೆಸರುಗಳೂ ರೋಗಿಯ ಕಷ್ಟವನ್ನು ಹೇಳುತ್ತವೆಯೇ ಹೊರತು ರೋಗದ ಕಾರಣವನ್ನಲ್ಲ.

ಚರಕಸಂಹಿತೆಯ ಚಿಕಿತ್ಸಾಸ್ಥಾನದ 17ನೆಯ ಅಧ್ಯಾಯ ಬಿಕ್ಕಳಿಕೆ ಮತ್ತು ಶ್ವಾಸರೋಗಗಳಿಗೆ ಮೀಸಲು. ಅಲ್ಲಿ ಶ್ವಾಸರೋಗವನ್ನು ಮಹಾ, ಊರ್ಧ್ವ, ಛಿನ್ನ, ತಮಕ, ಕ್ಷುದ್ರ ಎಂದು ಐದು ಬಗೆಯಾಗಿ ವಿಂಗಡಿಸಲಾಗಿದೆ. ಇವುಗಳಲ್ಲಿ ತಮಕಶ್ವಾಸದ ವರ್ಣನೆ ಇಂದಿನ ಅಸ್ತಮಾಕ್ಕೆ ಬಹಳ ಹತ್ತಿರ. ಮೋಡ ಕವಿದಾಗ, ಮಳೆ ಮತ್ತು ಚಳಿಯಲ್ಲಿ ಅದು ಹೆಚ್ಚುತ್ತದೆ. ಮಲಗಿದರೆ ಕಷ್ಟ, ಎದ್ದು ಕೂತರೆ ಆರಾಮ. ಗಮನಿಸಬೇಕಾದ ಸಂಗತಿಗಳು ಇನ್ನೆರಡಿವೆ. ಶ್ವಾಸರೋಗದ ಕಾರಣಗಳನ್ನು ಹೇಳುವಾಗ ಗ್ರಂಥಕಾರರು ದೂಳು ಮತ್ತು ಹೊಗೆಯನ್ನು ಹೆಸರಿಸಿ ಹೇಳಿದ್ದಾರೆ. ತಮಕಶ್ವಾಸವನ್ನು 'ಯಾಪ್ಯ' ಎಂದಿದ್ದಾರೆ. ಅಂದರೆ ಬೇರುಸಹಿತ ಕೀಳಲಾಗದಿದ್ದರೂ ಹಿಡಿತದಲ್ಲಿಟ್ಟುಕೊಂಡು ಬಾಳಬಹುದಾದ ರೋಗ. ದೀರ್ಘಕಾಲದ ಶ್ವಾಸರೋಗಗಳ ಬಗ್ಗೆ ಇಂದಿನ ವೈದ್ಯರು ಹೇಳುವುದೂ ಹೆಚ್ಚುಕಡಿಮೆ ಇದೇ ಮಾತು.

ಭಾರತದ ಇನ್ನೊಂದು ಜ್ಞಾನ ಸಮುದ್ರ ದಾಟಿ ಹೋದದ್ದು ದತ್ತೂರಿಯ ರೂಪದಲ್ಲಿ. ಒಣಗಿದ ದತ್ತೂರಿಯ ಹೊಗೆ ಸೇದಿದರೆ ಉಬ್ಬಸ ಇಳಿಯುತ್ತದೆ ಎಂಬುದು ಇಲ್ಲಿನ ಜನಕ್ಕೆ ಗೊತ್ತಿತ್ತು. ಮದ್ರಾಸಿನಲ್ಲಿದ್ದ ಬ್ರಿಟಿಷ್ ವೈದ್ಯ ಆಂಡರ್ಸನ್ ಅದನ್ನು ಬಳಸಿದರು. ಅವರಿಂದ ತಿಳಿದ ಜನರಲ್ ಜೆಂಟ್ 1802ರಲ್ಲಿ ಅದನ್ನು ಬ್ರಿಟನ್ನಿಗೆ ಒಯ್ದರು. 19ನೆಯ ಶತಮಾನದುದ್ದಕ್ಕೂ ಯೂರೋಪಿನಲ್ಲಿ 'ಅಸ್ತಮಾ ಸಿಗರೇಟು'ಗಳು ಮಾರಾಟವಾದವು. ದತ್ತೂರಿ ವಿಷ, ಅದನ್ನು ಯಾರೂ ಪ್ರಯೋಗ ಮಾಡಿ ನೋಡಬಾರದು. ಆದರೆ ಅದರಲ್ಲಿರುವ ಅಟ್ರೋಪಿನ್ ಎಂಬ ವಸ್ತು ಶ್ವಾಸನಾಳದ ಸ್ನಾಯುವನ್ನು ಸಡಿಲಗೊಳಿಸುವುದು ನಿಜ. ಅದೇ ವಂಶದಿಂದ ರಸಾಯನ ವಿಜ್ಞಾನಿಗಳು ಇಪ್ರಟ್ರೋಪಿಯಂ ಮತ್ತು ಟಿಯೋಟ್ರೋಪಿಯಂ ಎಂಬ ಸುರಕ್ಷಿತ ಔಷಧಗಳನ್ನು ರೂಪಿಸಿದರು. ಅತ್ತೆ ಈಗ ದಿನಾ ಬೆಳಿಗ್ಗೆ ಎಳೆದುಕೊಳ್ಳುವುದು ಟಿಯೋಟ್ರೋಪಿಯಂ ಅನ್ನೇ.

ಕಿವಿಯಿಂದ ಅಳತೆಗೆ

1816ರಲ್ಲಿ ಫ್ರಾನ್ಸಿನ ವೈದ್ಯ ಲೆನೆಕ್ ಸ್ಟೆತಾಸ್ಕೋಪನ್ನು ಕಂಡುಹಿಡಿದರು. ಅದೂ ಮೊದಲು ಒಂದು ಕೊಳವೆಯೇ. ರೋಗಿಯ ಎದೆಯ ಸಪ್ಪಳವನ್ನು ಕೇಳಿ, ಆತ ಸತ್ತ ಮೇಲೆ ಶವಪರೀಕ್ಷೆಯಲ್ಲಿ ಕಂಡದ್ದರೊಂದಿಗೆ ಅವರು ತಾಳೆ ನೋಡಿದರು. ಕೆಲವರ ಶ್ವಾಸಕೋಶಗಳು ಉಬ್ಬಿಕೊಂಡು, ಒಳಗಿನ ಸಣ್ಣ ಗಾಳಿಗೂಡುಗಳು ಒಡೆದು ಒಂದಾಗಿದ್ದವು. ಇದನ್ನು ಎಂಫಿಸೀಮ ಎಂದು ಅವರು ವಿವರಿಸಿದರು. ಉಬ್ಬಸಪಡುವವರೆಲ್ಲರ ಎದೆಯೊಳಗೂ ಒಂದೇ ಬಗೆಯ ಹಾನಿ ಇರುವುದಿಲ್ಲ ಎಂಬ ಸುಳಿವು ಅಲ್ಲಿ ಸಿಕ್ಕಿತು. ಆದರೆ ಬದುಕಿರುವವನ ವಿಷಯದಲ್ಲಿ ಅದನ್ನು ಖಚಿತಪಡಿಸುವುದು ಹೇಗೆ?

1846ರಲ್ಲಿ ಇಂಗ್ಲೆಂಡಿನ ಜಾನ್ ಹಚಿನ್‌ಸನ್ ಸ್ಪೈರೋಮೀಟರ್ ಎಂಬ ಸಾಧನದ ವಿವರ ಪ್ರಕಟಿಸಿದರು. ನೀರಿನಲ್ಲಿ ಬೋರಲು ಹಾಕಿದ ಪಾತ್ರೆ, ಅದಕ್ಕೊಂದು ಕೊಳವೆ. ಊದಿದ ಗಾಳಿಯಿಂದ ಪಾತ್ರೆ ಎಷ್ಟು ಮೇಲೇಳುತ್ತದೋ ಅಷ್ಟು ಉಸಿರು. ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಅವರು ಊದಿಸಿದರು. ಎತ್ತರ ಹೆಚ್ಚಾದಂತೆ ಉಸಿರಿನ ಪ್ರಮಾಣ ಹೆಚ್ಚುತ್ತದೆ, ವಯಸ್ಸಾದಂತೆ ಕಡಿಮೆಯಾಗುತ್ತದೆ ಎಂದು ತೋರಿಸಿದರು.

ಇಲ್ಲಿ ಒಂದು ಕೊರತೆ ಉಳಿದಿತ್ತು. ಹಚಿನ್‌ಸನ್ ಅಳೆದದ್ದು ಗಾಳಿ ಎಷ್ಟು ಎಂಬುದನ್ನು. ಎಷ್ಟು ಬೇಗ ಎಂಬುದನ್ನಲ್ಲ. ಅಗಲ ಬಾಯಿಯ ಪಾತ್ರೆಯನ್ನು ಬಗ್ಗಿಸಿದರೆ ನೀರು ಒಮ್ಮೆಲೇ ಸುರಿಯುತ್ತದೆ. ಕಿರಿದಾದ ಬಾಯಿಯ ಹೂಜಿಯಲ್ಲೂ ಅಷ್ಟೇ ನೀರಿರಬಹುದು, ಆದರೆ ಖಾಲಿಯಾಗಲು ಹೊತ್ತು ಬೇಕು. ಶ್ವಾಸನಾಳಗಳು ಕಿರಿದಾದಾಗ ಆಗುವುದೂ ಇದೇ. 1947ರಲ್ಲಿ ಫ್ರಾನ್ಸಿನ ಟಿಫ್‌ನೋ ಮತ್ತು ಪಿನೆಲ್ಲಿ ಈ ಕಾಲದ ಲೆಕ್ಕವನ್ನು ತಂದರು. ರೋಗಿ ಜೋರಾಗಿ ಊದಿದ ಒಟ್ಟು ಗಾಳಿಯಲ್ಲಿ ಮೊದಲ ಒಂದು ಸೆಕೆಂಡಿನಲ್ಲಿ ಹೊರಬಂದದ್ದು ಎಷ್ಟು ಪಾಲು? 1957ರಲ್ಲಿ ಬ್ರಿಟಿಷ್ ತಜ್ಞರು ಈ ಅಳತೆಗೆ ಈಗ ಬಳಕೆಯಲ್ಲಿರುವ ಹೆಸರನ್ನು ಗೊತ್ತುಪಡಿಸಿದರು. ಇಂದಿಗೂ ಜಗತ್ತಿನಾದ್ಯಂತ ಈ ರೋಗಗಳ ನಿರ್ಣಯ ನಿಂತಿರುವುದು ಆ ಮೊದಲ ಸೆಕೆಂಡಿನ ಮೇಲೆ.

ಒಂದು ಮನೆ, ಎರಡು ರೋಗ

ಕಲಬುರಗಿಯ ಆ ದಿನಕ್ಕೆ ಮರಳೋಣ. ಅತ್ತೆ ಊದಿದ ಒಟ್ಟು ಗಾಳಿ 1.6 ಲೀಟರ್. ಮೊದಲ ಸೆಕೆಂಡಿನಲ್ಲಿ ಬಂದದ್ದು 0.8 ಲೀಟರ್, ಅಂದರೆ 100ಕ್ಕೆ 50 ಪಾಲು. ಮೊಮ್ಮಗ ಊದಿದ್ದು 3.5 ಲೀಟರ್, ಮೊದಲ ಸೆಕೆಂಡಿನಲ್ಲಿ 2.1 ಲೀಟರ್, 100ಕ್ಕೆ 60 ಪಾಲು. ಇಬ್ಬರ ಶ್ವಾಸನಾಳಗಳೂ ಕಿರಿದಾಗಿವೆ ಎಂಬುದು ಇಷ್ಟರಿಂದ ತಿಳಿಯಿತು. ಇಬ್ಬರಿಗೂ ಶ್ವಾಸನಾಳ ಹಿಗ್ಗಿಸುವ ಸಾಲ್ಬುಟಮಾಲ್ ಎಂಬ ಔಷಧವನ್ನು ಎಳೆದುಕೊಳ್ಳಲು ಕೊಟ್ಟು, ಕಾಲು ಗಂಟೆ ಕೂರಿಸಿ, ಮತ್ತೆ ಊದಿಸಿದರು. ಮೊಮ್ಮಗನ 2.1 ಲೀಟರ್ 2.7ಕ್ಕೆ ಏರಿತು. ಅತ್ತೆಯ 0.8 ಲೀಟರ್ 0.85ರಲ್ಲಿ ನಿಂತಿತು.

ಔಷಧದ ನಂತರ ಮೊದಲ ಸೆಕೆಂಡಿನ ಗಾಳಿ 200 ಮಿಲಿಲೀಟರಿಗಿಂತ ಹೆಚ್ಚು, ಜೊತೆಗೆ ಶೇಕಡ 12ಕ್ಕಿಂತ ಹೆಚ್ಚು ಏರಿದರೆ ಅಸ್ತಮಾದ ಕಡೆಗೆ ಬೆರಳು ತೋರುತ್ತದೆ ಎಂಬುದು ಸಾಮಾನ್ಯವಾಗಿ ಬಳಸುವ ಲೆಕ್ಕ. ಮೊಮ್ಮಗನದು 600 ಮಿಲಿಲೀಟರ್ ಏರಿತ್ತು. ಔಷಧದ ನಂತರವೂ ಮೊದಲ ಸೆಕೆಂಡಿನ ಪಾಲು 100ಕ್ಕೆ 70 ಮುಟ್ಟದಿದ್ದರೆ, ರೋಗಲಕ್ಷಣ ಮತ್ತು ಹಿನ್ನೆಲೆ ಹೊಂದಿಕೊಂಡರೆ, ಅದು ದೀರ್ಘಕಾಲಿಕ ಶ್ವಾಸಮಾರ್ಗ ಪ್ರತಿಬಂಧಕ ಕಾಯಿಲೆ. ವೈದ್ಯರು ಇದನ್ನು ಸಿ.ಓ.ಪಿ.ಡಿ. ಎನ್ನುತ್ತಾರೆ. ಅತ್ತೆಯದು ಅದು.

ಎರಡರ ಒಳಗುಟ್ಟೂ ಬೇರೆ. ಅಸ್ತಮಾದಲ್ಲಿ ಶ್ವಾಸನಾಳದ ಒಳಪೊರೆ ಉರಿಯೂತದಿಂದ ಊದಿಕೊಂಡಿರುತ್ತದೆ. ದೂಳು, ಪರಾಗ, ತಂಪು ಗಾಳಿ, ನೆಗಡಿ ಇವುಗಳಲ್ಲಿ ಯಾವುದೋ ಒಂದು ತಾಗಿದರೆ ಸುತ್ತಲಿನ ಸ್ನಾಯು ಬಿಗಿದುಕೊಳ್ಳುತ್ತದೆ. ಔಷಧದಿಂದ ಅಥವಾ ತಾನಾಗಿಯೇ ಅದು ಸಡಿಲಾಗುತ್ತದೆ. ಆದ್ದರಿಂದ ಏರಿಳಿತವೇ ಅಸ್ತಮಾದ ಗುರುತು. ಅನೇಕರಲ್ಲಿ ಚಿಕ್ಕಂದಿನಲ್ಲೇ ಶುರುವಾಗುತ್ತದೆ. ರಾತ್ರಿ ಮತ್ತು ನಸುಕಿನಲ್ಲಿ ಕಾಟ ಹೆಚ್ಚು. ಸಿ.ಓ.ಪಿ.ಡಿ.ಯಲ್ಲಾದರೋ ವರ್ಷಾನುಗಟ್ಟಲೆ ಒಳಹೋದ ಹೊಗೆ ಸಣ್ಣ ಶ್ವಾಸನಾಳಗಳಲ್ಲಿ ಕಲೆಗಟ್ಟಿಸಿ, ಗಾಳಿಗೂಡುಗಳ ಗೋಡೆಗಳನ್ನು ಒಡೆದಿರುತ್ತದೆ. ಸಾಮಾನ್ಯವಾಗಿ ನಲವತ್ತರ ನಂತರ ತಲೆದೋರಿ ಮೆಲ್ಲಗೆ ಮುಂದುವರಿಯುತ್ತದೆ. ಒಡೆದ ಗೋಡೆಯನ್ನು ಮರಳಿ ಕಟ್ಟುವ ಔಷಧ ಇನ್ನೂ ಬಂದಿಲ್ಲ. ಕೆಲವರಲ್ಲಿ ಎರಡೂ ಬೆರೆತಿರುವುದುಂಟು.

ಒಂದು ಎಚ್ಚರಿಕೆ. ಅಸ್ತಮಾ ಇರುವವರು ಆರಾಮಾಗಿರುವ ದಿನ ಊದಿದರೆ ಅಳತೆ ಸರಿಯಾಗಿಯೇ ಬರಬಹುದು. ಅಂಥವರಿಗಾಗಿ 1959ರಲ್ಲಿ ಬ್ರಿಟನ್ನಿನ ರೈಟ್ ಮತ್ತು ಮೆಕೆರೋ ಪೀಕ್ ಫ್ಲೋ ಮೀಟರಿನ ವಿವರ ಪ್ರಕಟಿಸಿದರು. ಇಂದು ಅದರ ಅಗ್ಗದ ಪ್ಲಾಸ್ಟಿಕ್ ರೂಪಗಳು ಸಿಗುತ್ತವೆ. ಎರಡು ವಾರ ಬೆಳಿಗ್ಗೆ ಸಂಜೆ ಮನೆಯಲ್ಲೇ ಊದಿ ಬರೆದಿಟ್ಟರೆ ಏರಿಳಿತ ಕಾಣುತ್ತದೆ. ಇನ್ನು ಎರಡು ವಾರ ದಾಟಿದ ಕೆಮ್ಮಿಗೆ, ಅದರಲ್ಲೂ ಜ್ವರ, ತೂಕ ಇಳಿಯುವುದು, ಕಫದಲ್ಲಿ ರಕ್ತ ಇದ್ದರೆ, ಮೊದಲು ಕ್ಷಯದ ಪರೀಕ್ಷೆ ಆಗಬೇಕು.

ಯಾರ ಉಸಿರು ಲೆಕ್ಕಕ್ಕೆ ಬಂತು?

1952ರ ಡಿಸೆಂಬರಿನಲ್ಲಿ ಲಂಡನ್ ನಗರವನ್ನು ಕಲ್ಲಿದ್ದಲ ಹೊಗೆ ಬೆರೆತ ಮಂಜು ಐದು ದಿನ ಮುಚ್ಚಿತು. ಸುಮಾರು 4,000 ಜನ ಸತ್ತರೆಂದು ಅಂದಿನ ಅಂದಾಜು. ಸುಮಾರು 12,000 ಎಂದು ನಂತರದ ಸಂಶೋಧಕರು ಲೆಕ್ಕ ಹಾಕಿದರು. ಹೊಗೆ ಮತ್ತು ಶ್ವಾಸಕೋಶದ ಸಂಬಂಧವನ್ನು ಅಲಕ್ಷಿಸಲು ಮುಂದೆ ಸಾಧ್ಯವಾಗಲಿಲ್ಲ. 1958ರಲ್ಲಿ ತಜ್ಞರು ಲಂಡನ್ನಿನಲ್ಲಿ ಸಭೆ ಸೇರಿ ಅಸ್ತಮಾ, ಬ್ರಾಂಕೈಟಿಸ್, ಎಂಫಿಸೀಮ ಎಂಬ ಮಾತುಗಳ ಅರ್ಥವನ್ನು ಗೊತ್ತುಮಾಡಲು ಯತ್ನಿಸಿದರು. ನಂತರ ಚಾರ್ಲ್ಸ್ ಫ್ಲೆಚರ್ ಮತ್ತು ರಿಚರ್ಡ್ ಪೀಟೋ ಪಶ್ಚಿಮ ಲಂಡನ್ನಿನ 792 ದುಡಿಯುವ ಜನರ ಉಸಿರಿನ ಎಂಟು ವರ್ಷಗಳ ಅಳತೆಗಳನ್ನು ಪರಿಶೀಲಿಸಿ, 1977ರಲ್ಲಿ ಸಾರಾಂಶ ಪ್ರಕಟಿಸಿದರು. ಧೂಮಪಾನದಿಂದ ಹಾನಿಗೊಳಗಾಗುವವರ ಮೊದಲ ಸೆಕೆಂಡಿನ ಗಾಳಿ ವರ್ಷವರ್ಷಕ್ಕೂ ವೇಗವಾಗಿ ಕುಗ್ಗುತ್ತದೆ. ಸೇದುವುದನ್ನು ಬಿಟ್ಟರೆ, ಕಳೆದುಕೊಂಡದ್ದು ಮರಳದಿದ್ದರೂ, ಆ ವೇಗ ಸೇದದವರ ಮಟ್ಟಕ್ಕೆ ಇಳಿಯುತ್ತದೆ. ಈ ರೋಗದ ಇತಿಹಾಸದಲ್ಲಿ ಇದೊಂದು ದೊಡ್ಡ ತಿಳಿವು.

ಆದರೆ ಆ 792 ಜನರೂ ಗಂಡಸರು. ರೋಗದ ಚಿತ್ರ ರೂಪುಗೊಂಡದ್ದು ಸಿಗರೇಟು ಸೇದುವ ಗಂಡಸಿನ ಸುತ್ತ. ಅದೇ ಚಿತ್ರ ನಮ್ಮ ವೈದ್ಯಕೀಯ ಪಾಠಗಳಿಗೂ ಬಂತು. ನಮ್ಮ ಮಾವ ಬೀಡಿ ಸೇದುತ್ತಿದ್ದರು; ಅವರ ಕೆಮ್ಮಿಗೆ ಕಾರಣ ಹೇಳಲು ಯಾರಿಗೂ ಕಷ್ಟವಾಗಲಿಲ್ಲ. ಬೀಡಿ ಮುಟ್ಟದ ಅತ್ತೆಗೆ ಪ್ರತಿ ಚಳಿಗಾಲದಲ್ಲೂ ಸೂಜಿ ಹಾಕುತ್ತಿದ್ದ ವೈದ್ಯರೊಬ್ಬರು ಅವಳದು ಅಲರ್ಜಿ ಎಂದೇ ಹತ್ತು ವರ್ಷ ಕಳೆದರು. ಒಮ್ಮೆಯೂ ಊದಿಸಿ ನೋಡಲಿಲ್ಲ.

ಹಾಗೆಂದು ಭಾರತದಲ್ಲಿ ಯಾರೂ ಗಮನಿಸಿರಲಿಲ್ಲವೆಂದಲ್ಲ. 1950ರ ದಶಕದಲ್ಲಿ ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ಎಸ್. ಪದ್ಮಾವತಿ, ಶ್ವಾಸಕೋಶದ ರೋಗದಿಂದ ಹೃದಯ ಸೋತು ಬರುವವರನ್ನು ಅಭ್ಯಸಿಸುತ್ತಿದ್ದರು. ಅಲ್ಲಿ ಧೂಮಪಾನ ಮಾಡದ ಹೆಂಗಸರು ಬಹಳ ಮಂದಿ ಇರುವುದನ್ನು ಕಂಡು, ಅವರ ದೃಷ್ಟಿ ಅಡುಗೆಮನೆಯ ಹೊಗೆಯ ಕಡೆ ಹರಿಯಿತು. 1983ರಲ್ಲಿ ಕರ್ಕ್ ಸ್ಮಿತ್ ಮತ್ತು ಭಾರತೀಯ ಸಂಗಡಿಗರು ಗುಜರಾತಿನ ಹಳ್ಳಿಗಳ ಅಧ್ಯಯನ ಪ್ರಕಟಿಸಿದರು. ಅಡುಗೆ ಮಾಡುವ ಹೆಂಗಸರ ಮೈಮೇಲೆಯೇ ಗಾಳಿ ಹೀರುವ ಸಣ್ಣ ಸಾಧನ ಕಟ್ಟಿ, ಅವರು ಉಸಿರಾಡುವ ಹೊಗೆಯನ್ನು ಅಳೆದಿದ್ದರು. ಚಂಡೀಗಢದ ಬೆಹೆರಾ ಮತ್ತು ಜಿಂದಾಲ್ 1991ರಲ್ಲಿ ಅಡುಗೆಯ ಉರುವಲು ಮತ್ತು ಹೆಂಗಸರ ಶ್ವಾಸತೊಂದರೆಗಳ ಅಧ್ಯಯನ ಪ್ರಕಟಿಸಿದರು.

ಈ ಸರಣಿಯಲ್ಲಿ ಕರ್ನಾಟಕದ ಒಂದು ಕೆಲಸ ನೆನಪಿಡತಕ್ಕದ್ದು. ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಮೈಸೂರು ಜಿಲ್ಲೆಯ ಹಳ್ಳಿಗಳ ಹೆಂಗಸರನ್ನು ಅಭ್ಯಸಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಲೆಕ್ಕ ಬಹಳ ಸರಳ. ದಿನಕ್ಕೆ ಸರಾಸರಿ ಎಷ್ಟು ಗಂಟೆ ಒಲೆಯ ಮುಂದೆ ಕೂರುತ್ತಾರೆ ಎಂಬುದನ್ನು ಎಷ್ಟು ವರ್ಷಗಳಿಂದ ಎಂಬುದರಿಂದ ಗುಣಿಸಬೇಕು. ಆ ಸಂಖ್ಯೆ 60 ಮುಟ್ಟಿದಲ್ಲಿಂದ ದೀರ್ಘಕಾಲಿಕ ಬ್ರಾಂಕೈಟಿಸ್‌ನ, ಅಂದರೆ ವರ್ಷವರ್ಷವೂ ತಿಂಗಳುಗಟ್ಟಲೆ ಕಾಡುವ ಕಫದ ಕೆಮ್ಮಿನ, ಅಪಾಯ ಗಣನೀಯವಾಗುತ್ತದೆ ಎಂದು ಅವರು ಕಂಡುಕೊಂಡರು. ನನ್ನ ಅತ್ತೆ ದಿನಕ್ಕೆ 4 ಗಂಟೆಯಂತೆ 45 ವರ್ಷ ಒಲೆಯ ಮುಂದೆ ಕೂತಿದ್ದಳು. ಗುಣಿಸಿದರೆ 180.

2018ರಲ್ಲಿ ಪ್ರಕಟವಾದ ದೇಶವ್ಯಾಪಿ ಅಂದಾಜಿನ ಪ್ರಕಾರ 2016ರಲ್ಲಿ ಭಾರತದಲ್ಲಿ ಸುಮಾರು 5.5 ಕೋಟಿ ಜನರಿಗೆ ಸಿ.ಓ.ಪಿ.ಡಿ., ಸುಮಾರು 3.8 ಕೋಟಿ ಜನರಿಗೆ ಅಸ್ತಮಾ ಇತ್ತು. ಸಿ.ಓ.ಪಿ.ಡಿ.ಯ ಹೊರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲಿಗೆ ಮನೆಯ ಮತ್ತು ಹೊರಗಿನ ಗಾಳಿಯ ಮಾಲಿನ್ಯ ಕಾರಣ. ತಂಬಾಕಿನ ಪಾಲು ಸುಮಾರು ಕಾಲು ಭಾಗ. ಸಿಗರೇಟಿನ ಗಂಡಸಿನ ಚಿತ್ರ ನಮ್ಮ ದೇಶಕ್ಕೆ ಅರ್ಧವಷ್ಟೇ ನಿಜ ಎಂದಾಯಿತು.

ಒಲೆಯನ್ನು ಬದಲಿಸುವ ಯತ್ನ

ಹಾಗಾದರೆ ಒಲೆಯನ್ನೇ ಬದಲಿಸಬಾರದೇಕೆ? ಈ ಪ್ರಶ್ನೆಗೆ ಕರ್ನಾಟಕ ಬಹಳ ಮೊದಲೇ ಒಂದು ಉತ್ತರ ಹುಡುಕಿತ್ತು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 'ಅಸ್ತ್ರ' ಎಂಬ ಘಟಕ ಆರಂಭವಾಯಿತು. ವಿಜ್ಞಾನವನ್ನು ಹಳ್ಳಿಯ ಬಾಳಿಗೆ ಅನ್ವಯಿಸುವುದು ಅದರ ಉದ್ದೇಶ. ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಅದರ ಕೇಂದ್ರವಿತ್ತು. ಕುಣಿಗಲ್ ತಾಲೂಕಿನ ಪುರ ಮೊದಲಾದ ಹಳ್ಳಿಗಳಲ್ಲಿ ಉರುವಲಿನ ಸಮೀಕ್ಷೆ ನಡೆಸಿದ ವಿಜ್ಞಾನಿಗಳು 1980ರ ದಶಕದ ಆರಂಭದಲ್ಲಿ ಮೂರು ಪಾತ್ರೆ ಇಡಬಹುದಾದ, ಹೊಗೆಗೊಳವೆಯಿರುವ ಮಣ್ಣಿನ ಒಲೆಯನ್ನು ರೂಪಿಸಿದರು. ಅದೇ 'ಅಸ್ತ್ರ ಒಲೆ'. ಸೌದೆ ಉಳಿಯಿತು, ಹೊಗೆ ಕೊಳವೆಯ ಮೂಲಕ ಹೊರಹೋಯಿತು. 1983ರಲ್ಲಿ ಆರಂಭವಾದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ 2002ರವರೆಗೆ ನಡೆದು, ದೇಶದಾದ್ಯಂತ 3 ಕೋಟಿಗೂ ಹೆಚ್ಚು ಒಲೆಗಳನ್ನು ಹಂಚಿತು. ಆದರೆ ಮಣ್ಣಿನ ಒಲೆ ಬಿರುಕು ಬಿಡುತ್ತದೆ, ಕೊಳವೆಯಲ್ಲಿ ಮಸಿ ಕಟ್ಟುತ್ತದೆ. ಕಟ್ಟಿಕೊಟ್ಟಷ್ಟು ಸುಲಭವಾಗಿ ದುರಸ್ತಿ ನಡೆಯಲಿಲ್ಲ; ಎಷ್ಟೋ ಒಲೆಗಳು ಮೂಲೆ ಸೇರಿದವು. 2016ರ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆ ಬಡ ಮನೆಗಳಿಗೆ ಅಡುಗೆ ಅನಿಲದ ಸಂಪರ್ಕ ತಂದಿತು. ಸಂಪರ್ಕ ಸಿಕ್ಕಿತೆಂದ ಮಾತ್ರಕ್ಕೆ ಒಲೆ ಆರಿತೆಂದಲ್ಲ. ಸಿಲಿಂಡರ್ ಮತ್ತೆ ತುಂಬಿಸಲು ದುಡ್ಡು ಬೇಕು. ತೊಗರಿ ಕಟ್ಟಿಗೆ ಹೊಲದಲ್ಲೇ ಬಿದ್ದಿರುತ್ತದೆ.

ಮದ್ದಿನ ದಾರಿ

ಚಿಕಿತ್ಸೆಯ ಇತಿಹಾಸವೂ ಏರುಪೇರಿನದು. 1901ರಲ್ಲಿ ಅಮೆರಿಕದಲ್ಲಿದ್ದ ಜಪಾನಿ ವಿಜ್ಞಾನಿ ತಕಮಿನೆ ಅಡ್ರಿನಲಿನ್ ಅನ್ನು ಬೇರ್ಪಡಿಸಿದ ವಿಷಯ ಪ್ರಕಟವಾಯಿತು. 1903ರ ಹೊತ್ತಿಗೆ ಅದನ್ನು ಅಸ್ತಮಾಕ್ಕೆ ಚುಚ್ಚುಮದ್ದಾಗಿ ಬಳಸಲಾಯಿತು. 1955ರಲ್ಲಿ ಅಮೆರಿಕದ ಔಷಧ ಸಂಸ್ಥೆಯೊಂದರ ಮುಖ್ಯಸ್ಥ ಜಾರ್ಜ್ ಮೇಸನ್ ಅವರ ಅಸ್ತಮಾಪೀಡಿತ ಮಗಳು, ತನ್ನ ಔಷಧವನ್ನು ಸುಗಂಧದ್ರವ್ಯದಂತೆ ಚಿಮುಕಿಸುವ ಡಬ್ಬಿಯಲ್ಲಿ ಕೊಡಬಾರದೇಕೆ ಎಂದು ಕೇಳಿದಳಂತೆ. 1956ರಲ್ಲಿ ಅಳತೆಯ ಪ್ರಮಾಣ ಚಿಮುಕಿಸುವ ಇನ್‌ಹೇಲರ್ ಮಾರುಕಟ್ಟೆಗೆ ಬಂತು.

1960ರ ದಶಕದಲ್ಲಿ ಬ್ರಿಟನ್ ಮೊದಲಾದ ದೇಶಗಳಲ್ಲಿ ಅಸ್ತಮಾದಿಂದ ಸಾಯುವವರ ಸಂಖ್ಯೆ ಒಮ್ಮೆಲೇ ಏರಿತು. ಐಸೊಪ್ರಿನಲಿನ್‌ನ ಹೆಚ್ಚು ಪ್ರಮಾಣದ ಇನ್‌ಹೇಲರಿನ ಅತಿಬಳಕೆಯ ಮೇಲೆ ಸಂಶಯ ಬಿತ್ತು. 1969ರಲ್ಲಿ ಹೃದಯಕ್ಕೆ ಅಷ್ಟು ತೊಂದರೆ ಕೊಡದ ಸಾಲ್ಬುಟಮಾಲ್ ಬಂತು; 1972ರಲ್ಲಿ ಉರಿಯೂತವನ್ನೇ ಇಳಿಸುವ ಸ್ಟೆರಾಯ್ಡ್, ಬೆಕ್ಲೊಮೆಥಸೋನ್, ಇನ್‌ಹೇಲರ್ ರೂಪದಲ್ಲಿ ಬಂತು. ಆದರೂ ನಾಳವನ್ನು ಹಿಗ್ಗಿಸುವ ಔಷಧ ತಕ್ಷಣ ಆರಾಮ ಕೊಡುವುದರಿಂದ ಜನ ಅದನ್ನೇ ನೆಚ್ಚಿದರು. ಒಳಗಿನ ಉರಿಯೂತ ಹಾಗೆಯೇ ಉಳಿಯಿತು. 1993ರಿಂದ ಕೆಲಸ ಮಾಡುತ್ತಿರುವ ಅಸ್ತಮಾದ ಜಾಗತಿಕ ತಜ್ಞರ ಕೂಟ 'ಜೀನಾ' 2019ರಲ್ಲಿ ಸ್ಪಷ್ಟವಾಗಿ ಹೇಳಿತು: ವಯಸ್ಕರ ಅಸ್ತಮಾವನ್ನು ತಕ್ಷಣದ ಆರಾಮದ ಇನ್‌ಹೇಲರ್ ಒಂದರಿಂದಲೇ ನಿಭಾಯಿಸಬಾರದು; ಎಳೆದುಕೊಳ್ಳುವ ಸ್ಟೆರಾಯ್ಡ್ ಚಿಕಿತ್ಸೆಯ ಭಾಗವಾಗಿರಲೇಬೇಕು.

ಪಂಪು ಹಚ್ಚಿಕೊಂಡರೆ ಚಟವಾಗುತ್ತದೆ ಎಂಬ ಭಯ ನಮ್ಮಲ್ಲಿ ಬಹಳ. ಒಂದು ಲೆಕ್ಕ ಮಾಡಿ ನೋಡಿ. ಉಬ್ಬಸ ಜೋರಾದಾಗ ನುಂಗುವ ಸ್ಟೆರಾಯ್ಡ್ ದಿನಕ್ಕೆ 40 ಮಿಲಿಗ್ರಾಂ ಇರಬಹುದು. ಇನ್‌ಹೇಲರಿನ ಒಂದು ಎಳೆತದಲ್ಲಿರುವುದು 200 ಮೈಕ್ರೋಗ್ರಾಂ. ಒಂದು ಮಿಲಿಗ್ರಾಮಿಗೆ 1,000 ಮೈಕ್ರೋಗ್ರಾಂ. ತೂಕದಲ್ಲಿ 200 ಪಟ್ಟು ವ್ಯತ್ಯಾಸ. ಔಷಧ ಇಡೀ ಮೈಗೆ ಹರಡದೆ ಬೇಕಾದ ಜಾಗಕ್ಕೆ ನೇರ ಹೋಗುವುದೇ ಇದರ ಗುಟ್ಟು. ಸರಿಯಾಗಿ ಎಳೆಯುವುದನ್ನು ವೈದ್ಯರ ಮುಂದೆಯೇ ಕಲಿಯಬೇಕು. ಸ್ಟೆರಾಯ್ಡ್ ಎಳೆದ ಮೇಲೆ ಬಾಯಿ ಮುಕ್ಕಳಿಸಬೇಕು.

ಸಿ.ಓ.ಪಿ.ಡಿ.ಗೆ ದಾರಿ ಬೇರೆ. ಅಲ್ಲಿ ಮುಖ್ಯವಾದದ್ದು ದೀರ್ಘಕಾಲ ನಾಳವನ್ನು ಹಿಗ್ಗಿಸಿಡುವ ಔಷಧ. ಸ್ಟೆರಾಯ್ಡ್ ಎಲ್ಲರಿಗೂ ಬೇಡ. ಪದೇಪದೇ ಉಲ್ಬಣಿಸುವ ಕೆಲವರಿಗೆ ಬೇಕು. ಹೊಗೆಯಿಂದ ದೂರವಾಗುವುದು, ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ, ವೈದ್ಯರು ಹೇಳಿಕೊಟ್ಟ ನಡಿಗೆ ಮತ್ತು ವ್ಯಾಯಾಮ ಇವೆಲ್ಲ ಔಷಧದಷ್ಟೇ ಮುಖ್ಯ. ರಕ್ತದಲ್ಲಿ ಆಮ್ಲಜನಕ ಬಹಳ ಇಳಿದವರಿಗೆ ದಿನಕ್ಕೆ ಕನಿಷ್ಠ 15 ಗಂಟೆ ಆಮ್ಲಜನಕ ಕೊಟ್ಟರೆ ಆಯುಷ್ಯ ಹೆಚ್ಚುತ್ತದೆ ಎಂದು 1981ರಲ್ಲಿ ಬ್ರಿಟಿಷ್ ಪ್ರಯೋಗವೊಂದು ತೋರಿಸಿತು. ಯಾವ ದಮ್ಮೇ ಇರಲಿ, ಒಂದು ವಾಕ್ಯ ಪೂರ್ತಿ ಆಡಲಾರದಷ್ಟು ಏದುಸಿರು ಬಂದರೆ, ತುಟಿ ನೀಲಿಯಾದರೆ, ಮಂಪರು ಕವಿದರೆ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಅತ್ತೆ ಎರಡು ಸಲ ಮೃಗಶಿರಾ ಮಳೆ ಕೂಡುವ ದಿನ ಹೈದರಾಬಾದಿಗೆ ಹೋಗಿ ಮೀನಿನ ಔಷಧ ನುಂಗಿ ಬಂದಿದ್ದಳು. ಮೊಮ್ಮಗನನ್ನೂ ಕರೆದೊಯ್ದಿದ್ದಳು. ಅವನಿಗೆ ಗುಣವಾಯಿತೆಂದು ಮನೆಯವರು ನಂಬಿದ್ದರು. ತೊಗರಿ ರಾಶಿ ಬಂದಾಗ ಮತ್ತೆ ಶುರುವಾಯಿತು. ತಾನಾಗಿಯೇ ಏರಿಳಿಯುವ ರೋಗದಲ್ಲಿ ಯಾವ ಮದ್ದು ಕೊಟ್ಟರೂ ಸ್ವಲ್ಪ ದಿನ ಗುಣವಾದಂತೆ ಕಾಣುತ್ತದೆ. ನಂಬಿಕೆಯನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಗುಣವಾಯಿತೋ ಇಲ್ಲವೋ ಎಂಬುದನ್ನು ಅಳತೆ ಹೇಳಬೇಕು ಎಂದಷ್ಟೇ ನನ್ನ ಮಾತು.

ಇನ್ನೊಂದು ಅಳತೆ

ನಾನು ಹುಟ್ಟುವ ಮೊದಲು, 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ, ಉಪಗ್ರಹದ ಮೂಲಕ ಹಳ್ಳಿಗಳಿಗೆ ದೂರದರ್ಶನ ತಲುಪಿಸುವ 'ಸೈಟ್' ಪ್ರಯೋಗ ಆರು ರಾಜ್ಯಗಳಲ್ಲಿ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ದದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಕೃಷಿ ಮತ್ತು ಆರೋಗ್ಯದ ತಿಳಿವಳಿಕೆ ಅದರ ಮುಖ್ಯ ಉದ್ದೇಶಗಳಲ್ಲೊಂದು. ಅಂಥ ಜಿಲ್ಲೆಯ ಮನೆತನದವನಾಗಿ, ಅದೇ ವೃತ್ತಿಯಲ್ಲಿರುವ ನಾನು, ಅತ್ತೆಯ ಒಲೆಯ ಹೊಗೆಯನ್ನು ಬಹುಕಾಲ ಹಳ್ಳಿಯ ಬೆಳಗಿನ ಸುಂದರ ದೃಶ್ಯವೆಂದೇ ಕಂಡಿದ್ದೆ. ಕ್ಯಾಮೆರಾಕ್ಕೆ ಆ ಹೊಗೆಯಲ್ಲಿ ಬೀಳುವ ಬಿಸಿಲಕೋಲು ಬಲು ಚೆನ್ನ. ಹೊಗೆಗೂ ಏದುಸಿರಿಗೂ ನಾನು ಗಂಟು ಹಾಕಿ ನೋಡಲಿಲ್ಲ.

ಗಂಟು ಹಾಕಿದವನು ಮೊಮ್ಮಗ. ಅತ್ತೆಯ 180ರ ಲೆಕ್ಕ ಕೇಳಿಕೊಂಡು ಊರಿಗೆ ಮರಳುವಾಗ ಬಸ್ಸಿನಲ್ಲಿ ಅವನು ಇನ್ನೊಂದು ಲೆಕ್ಕ ಮಾಡಿದ. ಅತ್ತೆ ಕೈಬಿಟ್ಟ ಊದುಗೊಳವೆ ಈಗ ಅವನ ತಾಯಿಯ ಕೈಯಲ್ಲಿದೆ. ದಿನಕ್ಕೆ 4 ಗಂಟೆ, 25 ವರ್ಷ, 100 ಆಯಿತು. ಮುಂದಿನ ತಿಂಗಳು ಅವನೇ ತಾಯಿಯನ್ನು ಕರೆದುಕೊಂಡು ಹೋಗಿ ಊದಿಸಿದ. ಮೊದಲ ಸೆಕೆಂಡಿನ ಪಾಲು 100ಕ್ಕೆ 74. ಇನ್ನೂ ಕಾಲ ಮಿಂಚಿಲ್ಲ ಎಂದರು ವೈದ್ಯರು. ಈಗ ಆ ಮನೆಯಲ್ಲಿ ಅನ್ನ, ಬೇಳೆ, ಚಹಾ ಗ್ಯಾಸಿನ ಮೇಲೆ. ರೊಟ್ಟಿಯ ಒಲೆ ಮಾತ್ರ ಉಳಿದಿದೆ. ಅದನ್ನೂ ಮಾಳಿಗೆಯೊಳಗಿಂದ ಹಿತ್ತಲಿನ ತೆರೆದ ಚಪ್ಪರಕ್ಕೆ ಸಾಗಿಸಿದ್ದಾರೆ. "ಗ್ಯಾಸಿನ ಮ್ಯಾಲಿನ ರೊಟ್ಟಿ ರೊಟ್ಟಿಯಲ್ಲ" ಎಂಬ ಅತ್ತೆಯ ತಕರಾರು ಇನ್ನೂ ಮುಗಿದಿಲ್ಲ. ಅವಳು ಪೂರ್ತಿ ಗುಣವಾಗಿಲ್ಲ, ಆಗುವುದೂ ಇಲ್ಲ. ಆದರೆ ತಾನೇ ನಡೆದು ಗುಡಿಗೆ ಹೋಗಿ ಬರುತ್ತಾಳೆ. ಮೊಮ್ಮಗ ದಿನಾ ಇನ್‌ಹೇಲರ್ ಎಳೆದುಕೊಳ್ಳುತ್ತಾನೆ, ರಾಶಿಯ ಕಾಲಕ್ಕೆ ಮೂಗುಬಾಯಿಗೆ ವಸ್ತ್ರ ಕಟ್ಟಿಕೊಳ್ಳುತ್ತಾನೆ, ರಾತ್ರಿ ನಿದ್ದೆ ಮಾಡುತ್ತಾನೆ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಮನೆಯಲ್ಲಿ ಅಡುಗೆ ಮಾಡುವವರು ಯಾರು? ದಿನಕ್ಕೆ ಎಷ್ಟು ಗಂಟೆ, ಎಷ್ಟು ವರ್ಷಗಳಿಂದ ಅವರು ಒಲೆಯ ಮುಂದೆ ಕೂರುತ್ತಿದ್ದಾರೆ? ಇಂದು ಸಂಜೆ ಕೇಳಿ, ಗುಣಿಸಿ ನೋಡಿ. ಬಂದ ಸಂಖ್ಯೆ 60 ಮುಟ್ಟಿದರೆ, ಅವರು ಕೆಮ್ಮುತ್ತಿರಲಿ ಬಿಡಲಿ, ಒಮ್ಮೆ ಊದಿಸಿ ನೋಡುವಂತೆ ವೈದ್ಯರನ್ನು ಕೇಳಿಕೊಳ್ಳಿ.